ನವೆಂಬರ್ ಒಂದು: ಪುರುಲಿಯಾಕ್ಕೂ ಅದೇ ದಿನ

ರಾಜ್ಯೋತ್ಸವದ ತಿಂಗಳಲ್ಲಿ ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತನ್ನು ಬರಹದಲ್ಲೂ ಕೊಡಿ ಎಂದು ಕೆಲವರು ಕೇಳಿದ್ದರಿಂದ ಅದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಕೊಡುತ್ತಿದ್ದೇನೆ. ಸ್ಟುಡಿಯೋದಲ್ಲಿ ಹತ್ತು ನಿಮಿಷಕ್ಕೆ ಕೆಂಪು ದೀಪ ಆರಿಬಿಡುತ್ತದೆ. ಇಲ್ಲಿ ಆ ಕಾಟವಿಲ್ಲ.

1956ರ ನವೆಂಬರ್ 1 ಎಂದರೆ ನಮಗೆಲ್ಲ ಗೊತ್ತೇ ಇದೆ. ಹಳೆಯ ಮೈಸೂರು, ಮುಂಬಯಿ ಪ್ರಾಂತ, ಹೈದರಾಬಾದು, ಮದ್ರಾಸು, ಕೊಡಗು ಹೀಗೆ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದು ಆಡಳಿತದ ಕೆಳಗೆ ಬಂದ ದಿನ. ಪ್ರತಿ ವರ್ಷ ಆ ದಿನ ನಾವು ನಾಡಗೀತೆ ಹಾಕುತ್ತೇವೆ, ಸಂಘಗಳಲ್ಲಿ ಹಳದಿ ಕೆಂಪು ಬಾವುಟ ಏರುತ್ತದೆ, ಬಿಸಿಬೇಳೆಬಾತ್ ಆಗುತ್ತದೆ. ಆದರೆ ಅದೇ ದಿನ ನಮ್ಮ ನಾಡಿನಿಂದ ಬಹುದೂರ, ದೇಶದ ಪೂರ್ವದಲ್ಲಿ, ಬಿಹಾರದ ಮಾನಭೂಮ್ ಜಿಲ್ಲೆಯ ಒಂದು ಭಾಗ ಪಶ್ಚಿಮ ಬಂಗಾಳಕ್ಕೆ ಸೇರಿ ಪುರುಲಿಯಾ ಎಂಬ ಹೊಸ ಜಿಲ್ಲೆಯಾಯಿತು. ಅಲ್ಲಿಯವರಿಗೂ ನವೆಂಬರ್ ಒಂದೇ ಜನ್ಮದಿನ. ಅದನ್ನು ಪಡೆಯಲು ಸಾವಿರ ಜನ ಸುಮಾರು ಮುನ್ನೂರು ಕಿಲೋಮೀಟರ್ ನಡೆದಿದ್ದರು ಎಂಬುದು ನಮ್ಮಲ್ಲಿ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಬಿ.ಎ. ತರಗತಿಯಲ್ಲಿ ಏಕೀಕರಣದ ಪಾಠ ಓದುವಾಗ ಫಜಲ್ ಅಲಿ ಆಯೋಗ ಎಂದರೆ ನಮಗೆ ಐದು ಅಂಕದ ಪ್ರಶ್ನೆ, ಅಷ್ಟೇ. ಆ ಆಯೋಗದ ಮುಂದೆ ನಮ್ಮ ಹಾಗೆಯೇ ಇನ್ನೂ ಎಷ್ಟೋ ಜನ ಅರ್ಜಿ ಹಿಡಿದು ನಿಂತಿದ್ದರು.

ಪುರುಲಿಯಾ ಎಂದೊಡನೆ ಸ್ವಲ್ಪ ವಯಸ್ಸಾದವರಿಗೆ 1995ರ ಡಿಸೆಂಬರ್ ನೆನಪಾಗಬಹುದು. ಡಿಸೆಂಬರ್ 17ರ ರಾತ್ರಿ ವಿದೇಶಿ ವಿಮಾನವೊಂದು ಈ ಜಿಲ್ಲೆಯ ಝಾಲ್ದಾ ಸುತ್ತಿನ ಹಳ್ಳಿಗಳ ಮೇಲೆ ಎ.ಕೆ. 47 ಬಂದೂಕುಗಳನ್ನೂ ಗುಂಡುಗಳನ್ನೂ ಪ್ಯಾರಾಶೂಟ್ ಕಟ್ಟಿ ಉದುರಿಸಿ ಹೋಯಿತು. ವಾರಗಟ್ಟಲೆ ಸುದ್ದಿಯಲ್ಲಿ ಇದೇ ಹೆಸರು. ಒಂದು ಜಿಲ್ಲೆಯ ಹೆಸರು ದೇಶಕ್ಕೆ ಗೊತ್ತಾಗಲು ಆಕಾಶದಿಂದ ಬಂದೂಕು ಬೀಳಬೇಕಾಯಿತು. ಆ ಕಥೆ ಬಿಡಿ, ಇಂದಿನ ಮಾತು ನೆಲದ್ದು.

ಮನೆಯಲ್ಲಿ ಮಕ್ಕಳ ಅಟ್ಲಾಸ್ ಇದ್ದರೆ ತೆಗೆದಿಟ್ಟುಕೊಳ್ಳಿ. ಪಶ್ಚಿಮ ಬಂಗಾಳದ ನಕ್ಷೆಯಲ್ಲಿ ಎಡಗಡೆ ಮೂಗಿನ ಹಾಗೆ ಜಾರ್ಖಂಡ್‌ನೊಳಕ್ಕೆ ಚಾಚಿಕೊಂಡಿರುವ ತುಂಡೇ ಪುರುಲಿಯಾ. ವಿಸ್ತೀರ್ಣ 6,259 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 29 ಲಕ್ಷದ 30 ಸಾವಿರ. ಬಂಗಾಳ ಎಂದರೆ ನಮ್ಮ ಕಣ್ಣಿಗೆ ಬರುವುದು ಹಸಿರು ಗದ್ದೆ, ಕೊಳ, ಮೀನು, ದೋಣಿ. ಇಲ್ಲಿ ಅದ್ಯಾವುದೂ ಇಲ್ಲ. ಇದು ಛೋಟಾನಾಗಪುರ ಪ್ರಸ್ಥಭೂಮಿ ಇಳಿದು ಬಯಲಿಗೆ ಸೇರುವ ಅಂಚು. ಕೆಂಪು ಮುರಕಲ್ಲಿನ ನೆಲ, ಅಲೆಯಲೆಯಾಗಿ ಏರಿಳಿಯುವ ದಿಣ್ಣೆಗಳು, ಪಶ್ಚಿಮಕ್ಕೆ ಅಯೋಧ್ಯಾ ಬೆಟ್ಟಗಳು, ಈಶಾನ್ಯದ ಕಡೆ ಪಂಚೇತ್ ಗುಡ್ಡ. ನಡುವೆ ಒಂಟಿ ಬಂಡೆಬೆಟ್ಟಗಳು. ಸತ್ಯಜಿತ್ ರಾಯ್ ಅವರ ‘ಹೀರಕ್ ರಾಜಾರ್ ದೇಶೇ’ ನೋಡಿದವರಿಗೆ ಅಂಥ ಒಂದು ಬೆಟ್ಟದ ಪರಿಚಯವಿದೆ. ಅದು ಈ ಜಿಲ್ಲೆಯ ರಘುನಾಥಪುರದ ಪಕ್ಕದ ಜಯಚಂಡಿ ಬೆಟ್ಟ. ಚಿತ್ರದುರ್ಗದವರಿಗೂ ರಾಮನಗರದವರಿಗೂ ಈ ನೋಟ ಹೊಸದೇನಲ್ಲ.

ಮಳೆ ಎಷ್ಟು ಬರುತ್ತದೆ ಗೊತ್ತೆ? ವರ್ಷಕ್ಕೆ 1,100ರಿಂದ 1,500 ಮಿಲಿಮೀಟರ್. ಬೆಂಗಳೂರಿಗಿಂತ ಹೆಚ್ಚು, ಧಾರವಾಡಕ್ಕಿಂತಲೂ ಹೆಚ್ಚು. ಆದರೂ ಪುರುಲಿಯಾ ಬರಗಾಲದ ಜಿಲ್ಲೆ ಎಂದೇ ಹೆಸರುವಾಸಿ. ಮಳೆಯ ಬಹುಪಾಲು ಮೂರು ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಕಲ್ಲಿನ ಮೇಲೆ ತೆಳುವಾಗಿ ಹೊದೆಸಿದ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಓಡಿಹೋಗುತ್ತದೆ. ಹೀಗಾಗಿ ಅಲ್ಲಿಯ ರೈತರು ಹೊಲವನ್ನು ಎತ್ತರದ ಲೆಕ್ಕದಲ್ಲೇ ಹೆಸರಿಸಿದ್ದಾರೆ. ತೀರ ಮೇಲಿನ ಬರಡು ದಿಣ್ಣೆ ‘ಟಾಂಡ್’, ಅದರ ಕೆಳಗೆ ಬದು ಹಾಕಿದ್ದು ‘ಬಾಯಿದ್’, ನಡುವಿನದು ‘ಕಾನಾಲಿ’, ನೀರು ನಿಲ್ಲುವ ತಗ್ಗಿನ ಗದ್ದೆ ‘ಬಹಾಲ್’. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯವರು ಈಗಾಗಲೇ ನಗುತ್ತಿರಬೇಕು. ಬೆಟ್ಟು, ಮಜಲು, ಬೈಲು ಎಂದು ಅವರ ಅಜ್ಜಂದಿರು ವಿಂಗಡಿಸಿದ್ದೂ ಇದೇ ಲೆಕ್ಕದಲ್ಲಿ. ಯಾವ ಮನೆಗೆ ಎಷ್ಟು ಬಹಾಲ್ ಇದೆ ಎಂಬುದರ ಮೇಲೆಯೇ ಆ ಮನೆಯ ವರ್ಷದ ಊಟ ನಿಂತಿರುತ್ತದೆ. ಉಳಿದ ಹೊಲದ ಬೆಳೆ ಮಳೆರಾಯನ ಮರ್ಜಿ.

ನೀರು ಹಿಡಿದಿಡಲು ಕೆರೆ ಕಟ್ಟುವುದು ಅಲ್ಲಿಯ ಹಳೆಯ ಪದ್ಧತಿ. ಪುರುಲಿಯಾ ಪಟ್ಟಣದ ನಡುವೆ ಇರುವ ದೊಡ್ಡ ಕೆರೆಗೆ ಸಾಹೇಬ್ ಬಾಂಧ್ ಎಂದು ಹೆಸರು. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರು ಜೈಲಿನ ಕೈದಿಗಳಿಂದ ತೋಡಿಸಿದ್ದು. ತೋಡಿದವರು ಕೈದಿಗಳು, ಹೆಸರು ಮಾತ್ರ ಸಾಹೇಬನದು. ಕಾಡಿನ ಉತ್ಪನ್ನದಲ್ಲಿ ಮುಖ್ಯವಾದುದು ಅರಗು. ಮುತ್ತುಗ, ಬೋರೆ, ಕುಸುಮ್ ಮರಗಳ ಕೊಂಬೆಗೆ ಅರಗಿನ ಹುಳು ಬಿಟ್ಟು ಬೆಳೆಸುತ್ತಾರೆ. ಝಾಲ್ದಾ, ಬಲರಾಮ್‌ಪುರಗಳು ಅರಗಿನ ವ್ಯಾಪಾರಕ್ಕೆ ಹೆಸರಾದ ಊರುಗಳು. ಫಾಲ್ಗುಣದಲ್ಲಿ ಮುತ್ತುಗ ಅರಳಿದಾಗ ಇಡೀ ಜಿಲ್ಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಈ ನೆಲದ ಮೇಲೆ ಗೆರೆ ಎಳೆದವರ ಕಥೆ. 1765ರಲ್ಲಿ ಬಂಗಾಳದ ದಿವಾನಿ ಈಸ್ಟ್ ಇಂಡಿಯಾ ಕಂಪನಿಗೆ ಸಿಕ್ಕಾಗ ಈ ಕಾಡುನಾಡೂ ಲೆಕ್ಕದಲ್ಲಿ ಅವರದಾಯಿತು. ಆದರೆ ಪಂಚಕೋಟ್, ಬರಾಭೂಮ್ ಮುಂತಾದ ಸಣ್ಣ ಸಂಸ್ಥಾನಗಳ ಜಮೀನ್ದಾರರಿಂದ ಕಂದಾಯ ವಸೂಲಿ ಸುಲಭವಾಗಿರಲಿಲ್ಲ. 1805ರಲ್ಲಿ ಇಂಥ ಪ್ರದೇಶಗಳನ್ನೆಲ್ಲ ಒಟ್ಟುಗೂಡಿಸಿ ‘ಜಂಗಲ್ ಮಹಲ್’ ಎಂಬ ಜಿಲ್ಲೆ ಮಾಡಿದರು. 1832ರಲ್ಲಿ ಬರಾಭೂಮ್‌ನ ಗಂಗಾನಾರಾಯಣ ಸಿಂಗ್ ಮುಂದಾಳಾಗಿ ಭೂಮಿಜರು ದಂಗೆ ಎದ್ದರು. ಅದನ್ನು ಅಡಗಿಸಿದ ಮೇಲೆ, 1833ರಲ್ಲಿ, ಆ ಜಿಲ್ಲೆಯನ್ನು ಒಡೆದು ಮಾನಭೂಮ್ ಎಂಬ ಹೊಸ ಜಿಲ್ಲೆ ಮಾಡಿದರು. ಕೇಂದ್ರ ಮಾನ್‌ಬಜಾರ್. 1838ರಲ್ಲಿ ಕೇಂದ್ರ ಪುರುಲಿಯಾಕ್ಕೆ ಬಂತು. ಆ ಮಾನಭೂಮ್ ಬಹಳ ದೊಡ್ಡದು, ಇಂದಿನ ಧನ್‌ಬಾದ್ ಕೂಡ ಅದರೊಳಗೇ ಇತ್ತು.

1912ರಲ್ಲಿ ಬಿಹಾರ ಮತ್ತು ಒರಿಸ್ಸಾಗಳನ್ನು ಬಂಗಾಳದಿಂದ ಬೇರ್ಪಡಿಸಿ ಹೊಸ ಪ್ರಾಂತ ಮಾಡಿದಾಗ ಮಾನಭೂಮ್ ಆ ಕಡೆಗೆ ಹೋಯಿತು. ಬಂಗಾಳದ ವಿಭಜನೆ ರದ್ದಾಯಿತು ಎಂದು ಕಲ್ಕತ್ತೆಯಲ್ಲಿ ಸಂಭ್ರಮಪಡುತ್ತಿದ್ದ ಹೊತ್ತಿಗೆ ಬಂಗಾಳಿ ಮಾತನಾಡುವವರೇ ಹೆಚ್ಚಾಗಿದ್ದ ಈ ಜಿಲ್ಲೆ ಕೈಬಿಟ್ಟುಹೋಗಿತ್ತು. ನಾವು, ಮುಂಬಯಿಯಲ್ಲೋ ಪುಣೆಯಲ್ಲೋ ದೆಹಲಿಯಲ್ಲೋ ಇರುವ ಕನ್ನಡಿಗರು, ಕೆಲಸ ಹುಡುಕಿಕೊಂಡು ನಮ್ಮ ಇಷ್ಟದಿಂದ ಊರು ಬಿಟ್ಟು ಬಂದವರು. ಮಾನಭೂಮ್‌ನವರು ಎಲ್ಲಿಗೂ ಹೋಗಲಿಲ್ಲ. ಅವರು ತಮ್ಮ ಮನೆಯ ಜಗಲಿಯಲ್ಲೇ ಕುಳಿತಿದ್ದರು, ಗಡಿ ಅವರನ್ನು ದಾಟಿ ಹೋಯಿತು. ಕಾಸರಗೋಡಿನ ಕನ್ನಡಿಗರನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬ್ರಿಟಿಷರಿರುವವರೆಗೆ ಈ ಅಸಮಾಧಾನ ಸ್ವಾತಂತ್ರ್ಯ ಹೋರಾಟದ ಮುಂದೆ ಹಿಂದಕ್ಕೆ ಸರಿದಿತ್ತು. ಪುರುಲಿಯಾದ ಶಿಲ್ಪಾಶ್ರಮ ಎಂಬ ಗಾಂಧಿವಾದಿ ಆಶ್ರಮವೇ ಜಿಲ್ಲೆಯ ಕಾಂಗ್ರೆಸ್ಸಿನ ನೆಲೆ. ನಿವಾರಣ ಚಂದ್ರ ದಾಸ್‌ಗುಪ್ತ ಅವರು 1925ರಲ್ಲಿ ‘ಮುಕ್ತಿ’ ಎಂಬ ಪತ್ರಿಕೆ ಆರಂಭಿಸಿದರು. ಅವರ ಜೊತೆಯವರು ಅತುಲ ಚಂದ್ರ ಘೋಷ್, ಲಾವಣ್ಯಪ್ರಭಾ ಘೋಷ್ ದಂಪತಿ. ಎಲ್ಲರೂ ಜೈಲು ಕಂಡವರೇ.

ಬಿಕ್ಕಟ್ಟು ಬಂದದ್ದು ಸ್ವಾತಂತ್ರ್ಯದ ನಂತರ. ಬಂಗಾಳಿ ಮಾಧ್ಯಮದ ಶಾಲೆಗಳಲ್ಲಿ ಹಿಂದಿ ಬಂತು, ಕಚೇರಿಯ ವ್ಯವಹಾರದಲ್ಲಿ ಹಿಂದಿ ಬಂತು, ನಾಮಫಲಕಗಳೂ ಬದಲಾದವು. ಹೊಸ ಸರ್ಕಾರದ ದೃಷ್ಟಿಯಲ್ಲಿ ಅದು ರಾಜ್ಯವನ್ನು ಒಂದುಗೂಡಿಸುವ ಕೆಲಸವಾಗಿದ್ದಿರಬಹುದು. ಆದರೆ ಹಳ್ಳಿಯ ಶಾಲೆಯಲ್ಲಿ ಮೂರನೆಯ ತರಗತಿಯ ಹುಡುಗನಿಗೆ ಮೇಷ್ಟರ ಪಾಠ ಅರ್ಥವಾಗದಿದ್ದರೆ, ಜಮೀನಿನ ಪತ್ರದಲ್ಲಿ ತನ್ನ ಹೆಸರೆಲ್ಲಿದೆ ಎಂದು ರೈತನಿಗೆ ಓದಲಾಗದಿದ್ದರೆ, ಆ ಒಗ್ಗಟ್ಟು ಯಾರಿಗಾಗಿ? ಅಲ್ಲಿಯ ಕಾಂಗ್ರೆಸ್ಸಿಗರೇ ಈ ಪ್ರಶ್ನೆ ಎತ್ತಿದರು. ಪಕ್ಷದೊಳಗೆ ಅವರ ಮಾತು ನಡೆಯಲಿಲ್ಲ. ಅತುಲ ಚಂದ್ರ ಘೋಷ್ ಮತ್ತು ಸಂಗಡಿಗರು ರಾಜೀನಾಮೆ ಕೊಟ್ಟು 1948ರ ಜೂನ್ 14ರಂದು ‘ಲೋಕ ಸೇವಕ ಸಂಘ’ ಸ್ಥಾಪಿಸಿದರು. ಸ್ಥಳ ಪಾಕ್‌ಬಿಡ್ರಾ, ಪುರಾತನ ಜೈನ ಶಿಲ್ಪಗಳಿರುವ ಹಳ್ಳಿ. (ಶ್ರವಣಬೆಳಗೊಳದ ನಾಡಿನವರಾದ ನಮಗೆ ಅಲ್ಲಿಯ ಎತ್ತರದ ದಿಗಂಬರ ತೀರ್ಥಂಕರ ವಿಗ್ರಹ ಪರಕೀಯವೆನಿಸುವುದಿಲ್ಲ.)

ಈ ಹೋರಾಟದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಟುಸು ಸತ್ಯಾಗ್ರಹ. ಟುಸು ಎಂದರೆ ಆ ಸೀಮೆಯ ಸುಗ್ಗಿಯ ದೇವತೆ. ಪುರೋಹಿತರಿಲ್ಲ, ಮಂತ್ರವಿಲ್ಲ. ಪುಷ್ಯಮಾಸ ಪೂರ್ತಿ ಹೆಣ್ಣುಮಕ್ಕಳು ಸಂಜೆ ಕೂಡಿ ಹಾಡುತ್ತಾರೆ, ಸಂಕ್ರಾಂತಿಯ ದಿನ ಬಣ್ಣದ ಕಾಗದದ ಗೋಪುರ ಹೊತ್ತು ಹೋಗಿ ನದಿಯಲ್ಲಿ ಬಿಡುತ್ತಾರೆ. ಹಾಡು ಅಲ್ಲೇ ಕಟ್ಟಿದ್ದು. ಅತ್ತೆಯ ಕಾಟ, ಅಕ್ಕಿಯ ಬೆಲೆ, ಪಕ್ಕದ ಊರಿನವರ ಮೇಲೆ ಹಾಸ್ಯ, ಏನು ಬೇಕಾದರೂ ಅದರೊಳಗೆ ಬರಬಹುದು. ಮಳವಳ್ಳಿ ಕಡೆಯ ಸೋಬಾನೆಯವರೋ ಉತ್ತರ ಕರ್ನಾಟಕದ ಬೀಸುವ ಹಾಡಿನವರೋ ಇದನ್ನು ಕೇಳಿದರೆ ತಮ್ಮವರೇ ಎಂದುಕೊಂಡಾರು. 1954ರ ಜನವರಿ, ಫೆಬ್ರವರಿಯಲ್ಲಿ ಈ ಹಾಡಿನೊಳಗೆ ಭಾಷೆಯ ವಿಷಯ ಬಂತು. ತಾಯ್ನುಡಿಯನ್ನು ಬಿಡುವುದಿಲ್ಲ ಎಂಬ ಅರ್ಥದ ಟುಸು ಹಾಡುಗಳನ್ನು ಗುಂಪುಗುಂಪಾಗಿ ಬೀದಿಯಲ್ಲಿ ಹಾಡಿಕೊಂಡು ಹೋದರು. ಸರ್ಕಾರ ಬಂಧಿಸಿತು. ಇಂಥ ಹಾಡು ಕಟ್ಟಿದವರಲ್ಲಿ ಒಬ್ಬರು ಭಜಹರಿ ಮಹತೋ, ಆಗ ಲೋಕಸಭೆಯ ಸದಸ್ಯರು. ಅವರೂ ಜೈಲಿಗೆ ಹೋದರು. ಹಾಡಿದ್ದಕ್ಕೆ ಸಂಸದರನ್ನು ಬಂಧಿಸಿದ ಪ್ರಸಂಗ ನಮ್ಮ ದೇಶದ ಚರಿತ್ರೆಯಲ್ಲಿ ಹೆಚ್ಚೇನೂ ಇರಲಾರದು.

ಇಷ್ಟರಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ಆಯೋಗ ದೇಶ ಸುತ್ತಿ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಧನ್‌ಬಾದ್ ಕಲ್ಲಿದ್ದಲಿನ ಸೀಮೆ ಬಿಹಾರದಲ್ಲೇ ಇರಲಿ, ಪುರುಲಿಯಾ ಉಪವಿಭಾಗ ಚಾಸ್ ಠಾಣೆಯೊಂದನ್ನು ಬಿಟ್ಟು ಬಂಗಾಳಕ್ಕೆ ಹೋಗಲಿ ಎಂದಿತು. ಕಾರಣ ಹೇಳುವಾಗ ಆಯೋಗ ನದಿಯ ಮಾತನ್ನೂ ಎತ್ತಿತ್ತು. ಕಂಸಾವತಿ ಅಥವಾ ಕಾಸಾಯಿ ನದಿ ಹುಟ್ಟುವುದು ಪುರುಲಿಯಾದಲ್ಲಿ, ಅದರ ನೀರಾವರಿ ಯೋಜನೆ ಹಾಕಿಕೊಂಡಿದ್ದು ಬಂಗಾಳ. ಆ ಯೋಜನೆಗೆ ಅನುಕೂಲವಾಗುತ್ತದೆ ಎಂಬುದು ಆಯೋಗದ ವಾದ. ಈ ನದಿಯ ವಿಷಯ ನೆನಪಿಡಿ, ಮುಂದೆ ಬರುತ್ತದೆ.

ವರದಿ ಬಂದರೂ ಕೆಲಸ ಮುಗಿಯಲಿಲ್ಲ. 1956ರ ಜನವರಿಯಲ್ಲಿ ಎರಡು ರಾಜ್ಯಗಳ ಮುಖ್ಯಮಂತ್ರಿಗಳು, ಬಂಗಾಳದ ಡಾ. ಬಿಧಾನ ಚಂದ್ರ ರಾಯ್ ಮತ್ತು ಬಿಹಾರದ ಶ್ರೀಕೃಷ್ಣ ಸಿನ್ಹಾ, ಜಗಳವೇ ಬೇಡ, ಎರಡೂ ರಾಜ್ಯಗಳನ್ನು ಒಂದು ಮಾಡಿಬಿಡೋಣ ಎಂದರು. ದೊಡ್ಡವರ ದೃಷ್ಟಿಯಲ್ಲಿ ಅದು ಉದಾರ ಮನಸ್ಸಿನ ಸಲಹೆ. ಮಾನಭೂಮ್‌ನವರ ಕಣ್ಣಿಗೆ ಮಾತ್ರ ಎಂಟು ವರ್ಷದ ಹೋರಾಟ ನೀರಿನಲ್ಲಿ ಹೋದ ಹಾಗೆ ಕಂಡಿತು. ಏಪ್ರಿಲ್ 20ರಂದು ಅದೇ ಪಾಕ್‌ಬಿಡ್ರಾದಿಂದ ಸಾವಿರದೈದು ಜನ ಕಲ್ಕತ್ತೆಗೆ ನಡೆಯಲು ಹೊರಟರು. ಅವರಲ್ಲಿ ಹೆಂಗಸರೂ ಇದ್ದರು. ಆ ಸೀಮೆಯ ಏಪ್ರಿಲ್ ಬಿಸಿಲು ರಾಯಚೂರು, ಕಲಬುರ್ಗಿಯವರಿಗೆ ಗೊತ್ತಾಗುವಂಥದು. ಬಾಂಕುಡಾ, ಸೋನಾಮುಖಿ, ಬರ್ಧಮಾನ್, ಚಂದನನಗರ ದಾಟಿ, ಹಾಡುತ್ತ, ದಾರಿಯ ಊರಿನವರು ಕೊಟ್ಟದ್ದನ್ನು ಉಂಡು, ಮೇ 6ರಂದು ಹೌರಾ ಸೇತುವೆ ದಾಟಿದರು. ಮರುದಿನ ಬಂಗಾಳದ ಪೊಲೀಸರು ಅವರನ್ನು ಬಂಧಿಸಿದರು. ಯಾವ ರಾಜ್ಯಕ್ಕೆ ಸೇರಬೇಕೆಂದು ನಡೆದು ಬಂದರೋ ಅದೇ ರಾಜ್ಯದ ಜೈಲು! ಅಷ್ಟರಲ್ಲಿ, ಮೇ ತಿಂಗಳ ಮೊದಲಲ್ಲೇ, ಡಾ. ರಾಯ್ ವಿಲೀನದ ಸಲಹೆ ಹಿಂತೆಗೆದುಕೊಂಡಿದ್ದರು. ಕಲ್ಕತ್ತೆಯ ಒಂದು ಉಪಚುನಾವಣೆಯಲ್ಲಿ ಮತದಾರರು ತಮ್ಮ ಉತ್ತರ ಕೊಟ್ಟಿದ್ದರು. ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪ್ರದೇಶ ವರ್ಗಾವಣೆಯ ಮಸೂದೆ ಅಂಗೀಕಾರವಾಗಿ, ನವೆಂಬರ್ 1ರಂದು ಹದಿನಾರು ಠಾಣೆಗಳ ಪ್ರದೇಶ ಬಂಗಾಳಕ್ಕೆ ಬಂತು.

ಪೂರ್ತಿ ಸಿಗಲಿಲ್ಲ. ಚಾಸ್ ಧನ್‌ಬಾದಿನ ಕಡೆ ಉಳಿಯಿತು, ಈಗ ಅದು ಬೊಕಾರೊ ಉಕ್ಕಿನ ನಗರದ ಮಗ್ಗುಲಲ್ಲಿದೆ. ಜಮ್‌ಷೆಡ್‌ಪುರದ ಕಡೆಯ ಚಾಂಡಿಲ್, ಈಚಾಗಢ್, ಪಟಮ್‌ದಾ ಠಾಣೆಗಳೂ ಬಿಹಾರದಲ್ಲೇ ಉಳಿದವು, 2000ದ ನವೆಂಬರಿನಿಂದ ಜಾರ್ಖಂಡಿನಲ್ಲಿವೆ. ಅಲ್ಲಿರುವ ಬಂಗಾಳಿಗರಿಗೆ ನವೆಂಬರ್ ಒಂದು ಹೇಗೆ ಅನ್ನಿಸುತ್ತದೆ? ಅದೇ ದಿನ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಹಿರಿಯರನ್ನು ಕೇಳಬೇಕು. ನಮ್ಮ ಸಂಘಗಳಲ್ಲಿ ಆ ಕಡೆಯವರು ಇದ್ದೇ ಇರುತ್ತಾರೆ, ಕೇಳಿ ನೋಡಿ.

ಈಗ ಆಡಳಿತದ ಮಾತು ಸ್ವಲ್ಪ. ನಮ್ಮ ತಾಲ್ಲೂಕಿನ ಜಾಗದಲ್ಲಿ ಬಂಗಾಳದಲ್ಲಿ ಬ್ಲಾಕ್ ಇದೆ, ತಹಸೀಲ್ದಾರರ ಬದಲು ಬ್ಲಾಕ್ ಅಭಿವೃದ್ಧಿ ಅಧಿಕಾರಿ. ಪುರುಲಿಯಾದಲ್ಲಿ 20 ಬ್ಲಾಕ್‌ಗಳು, 170 ಗ್ರಾಮ ಪಂಚಾಯಿತಿಗಳು. ಪುರುಲಿಯಾ, ರಘುನಾಥಪುರ, ಝಾಲ್ದಾ ಮೂರು ಪುರಸಭೆಗಳು. 2017ರಲ್ಲಿ ಉಪವಿಭಾಗಗಳನ್ನು ನಾಲ್ಕಕ್ಕೆ ಏರಿಸಿದರು: ಪುರುಲಿಯಾ ಸದರ್, ರಘುನಾಥಪುರ, ಝಾಲ್ದಾ, ಮಾನ್‌ಬಜಾರ್. 1838ರಲ್ಲಿ ಜಿಲ್ಲಾ ಕೇಂದ್ರ ಕಳೆದುಕೊಂಡ ಮಾನ್‌ಬಜಾರಿಗೆ 179 ವರ್ಷಗಳ ನಂತರ ಒಂದು ದೊಡ್ಡ ಕಚೇರಿ ಮರಳಿ ಬಂತು. ದಕ್ಷಿಣದ ತುದಿಯ ಬಂದ್ವಾನ್ ಕಾಡಿನ ಹಳ್ಳಿಯಿಂದ ಒಂದು ಕಾಗದಕ್ಕಾಗಿ ಹೊರಟವರಿಗೆ ಇದರ ಬೆಲೆ ಗೊತ್ತು. ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ.

ಹಾಗಾದರೆ ಬಯಸಿದ ರಾಜ್ಯಕ್ಕೆ ಬಂದ ಮೇಲೆ ಎಲ್ಲ ಸರಿಹೋಯಿತೇ? ನದಿಯ ಮಾತು ನೆನಪಿಡಿ ಎಂದಿದ್ದೆ. ಕಂಸಾವತಿಗೆ ಅಣೆಕಟ್ಟು ಕಟ್ಟಿದ್ದು ಪಕ್ಕದ ಬಾಂಕುಡಾ ಜಿಲ್ಲೆಯ ಮುಕುಟಮಣಿಪುರದಲ್ಲಿ. ನೀರು ಅಲ್ಲಿಂದ ಕೆಳಕ್ಕೆ, ಬಾಂಕುಡಾ, ಮೇದಿನೀಪುರಗಳ ಬಯಲಿಗೆ ಹರಿಯುತ್ತದೆ. ನದಿ ಹುಟ್ಟಿದ ದಿಣ್ಣೆಗಳು ಮೇಲೆ ಒಣಗಿಯೇ ಇವೆ. ಉತ್ತರದ ದಾಮೋದರ ನದಿಗೆ ಪಂಚೇತ್ ಅಣೆಕಟ್ಟು ಕಟ್ಟಿ 1959ರಲ್ಲಿ ಉದ್ಘಾಟಿಸಿದರು, ತೇಲ್‌ಕುಪಿಯ ಹಳೆಯ ದೇವಾಲಯಗಳು ಅದರ ಹಿನ್ನೀರಿನಲ್ಲಿ ಮುಳುಗಿದವು. ಅಯೋಧ್ಯಾ ಬೆಟ್ಟದ ಮೇಲೆ ನೀರನ್ನು ಮೇಲೆತ್ತಿ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 900 ಮೆಗಾವಾಟ್ ಯೋಜನೆ 2007ರ ಹೊತ್ತಿಗೆ ಶುರುವಾಯಿತು. ಕರೆಂಟು ಉಂಟು, ಹೊಲಕ್ಕೆ ನೀರಿಲ್ಲ. ಭತ್ತದ ನಾಟಿ, ಕೊಯ್ಲಿನ ಕಾಲದಲ್ಲಿ ಸಂಸಾರ ಸಮೇತ ಪೂರ್ವದ ಬರ್ಧಮಾನ್ ಬಯಲಿಗೆ ಕೂಲಿಗೆ ಹೋಗುವುದನ್ನು ಅವರು ‘ನಾಮಾಲ್’ ಎನ್ನುತ್ತಾರೆ, ಅಂದರೆ ಕೆಳಗಿನ ಸೀಮೆಗೆ ಇಳಿಯುವುದು. ಶಾಲೆಯಲ್ಲಿ ತಾಯ್ನುಡಿ ಬಂತು, ಆದರೆ ತಾಯಿ ತಂದೆಯ ಜೊತೆ ಮಗುವೂ ಕೊಯ್ಲಿಗೆ ಹೋದರೆ ಶಾಲೆ ಯಾವ ಭಾಷೆಯಲ್ಲಿದ್ದರೇನು! 2011ರ ಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 64, ಹೆಂಗಸರಲ್ಲಿ ಸುಮಾರು ಅರ್ಧ ಮಾತ್ರ.

ತಾಯ್ನುಡಿ ಎಂದೆ. ಯಾರ ತಾಯ್ನುಡಿ? ಜಿಲ್ಲೆಯ ಜನರಲ್ಲಿ ಶೇಕಡ 18ರಷ್ಟು ಪರಿಶಿಷ್ಟ ಪಂಗಡದವರು. ಸಂತಾಲರ ಮನೆಮಾತು ಸಂತಾಲಿ, ಕುಡ್ಮಿ ಮಹತೋಗಳದು ಕುಡ್ಮಾಲಿ. ಬಂಗಾಳಿಗಾಗಿ ನಡೆದವರಲ್ಲಿ, ಹಾಡಿದವರಲ್ಲಿ ಮಹತೋಗಳೂ ಇದ್ದರು. ಸಂತಾಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. ಕುಡ್ಮಾಲಿಗೆ ಬಂಗಾಳ ಸರ್ಕಾರ ಅಧಿಕೃತ ಮನ್ನಣೆ ಕೊಟ್ಟದ್ದು 2018ರಲ್ಲಿ. ಭಾಷೆಗಾಗಿ ಹೋರಾಡಿ ಹುಟ್ಟಿದ ಜಿಲ್ಲೆಯೊಳಗೇ ಇನ್ನೂ ಎರಡು ಭಾಷೆಗಳು ಸರದಿಯಲ್ಲಿ ನಿಂತಿದ್ದವು. ತುಳು, ಕೊಡವ ಮಾತನಾಡುವ ನಮ್ಮ ಕೇಳುಗರು ಈ ಮಾತಿಗೆ ತಲೆದೂಗುತ್ತಿದ್ದಾರೆಂದು ನನಗೆ ಗೊತ್ತು.

ಲಾವಣ್ಯಪ್ರಭಾ ಘೋಷ್ ಅವರು 1957ರಲ್ಲಿ ಪುರುಲಿಯಾದಿಂದ ಬಂಗಾಳದ ವಿಧಾನಸಭೆಗೆ ಆಯ್ಕೆಯಾದರು. ನೂರು ದಾಟಿ ಬದುಕಿ, 2003ರಲ್ಲಿ ತೀರಿಕೊಂಡರು.

ಛೌ ನೃತ್ಯದ ಬಗ್ಗೆ ಹೇಳದಿದ್ದರೆ ಯಕ್ಷಗಾನಪ್ರಿಯರು ಬಿಡುವುದಿಲ್ಲ. ದೊಡ್ಡ ಮುಖವಾಡ, ನಗಾರಿ, ರಾಮಾಯಣ ಮಹಾಭಾರತದ ಪ್ರಸಂಗ, ಮೇಲಕ್ಕೆ ನೆಗೆದು ಮಂಡಿಯ ಮೇಲೆ ಬೀಳುವ ವೀರರು. ನಮ್ಮ ಮಂಡಿ ಕುಣಿತ ನೋಡಿದವರು ಬೆರಗಾಗದೆ ಇರರು. ಮುಖವಾಡ ಮಾಡುವ ಹಳ್ಳಿ ಚಡಿದಾ, ಅಯೋಧ್ಯಾ ಬೆಟ್ಟದ ಬುಡದಲ್ಲಿದೆ. ಜೇಡಿಮಣ್ಣಿನ ಅಚ್ಚಿನ ಮೇಲೆ ಕಾಗದ ಪದರಪದರವಾಗಿ ಅಂಟಿಸಿ ಮಾಡುತ್ತಾರೆ. 1981ರಲ್ಲಿ ಗಂಭೀರ್ ಸಿಂಗ್ ಮುಡಾ ಎಂಬ ಛೌ ಕಲಾವಿದರಿಗೆ ಪದ್ಮಶ್ರೀ ಬಂತು. 2010ರಲ್ಲಿ ಯುನೆಸ್ಕೋ ಛೌ ನೃತ್ಯವನ್ನು ತನ್ನ ಪಟ್ಟಿಗೆ ಸೇರಿಸಿತು.

ಹೋಗಿ ನೋಡಬೇಕೆಂದಿರುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಬೇಡ. ಮಕರ ಸಂಕ್ರಾಂತಿಗೆ ಹೋಗಿ, ನಾವು ಎಳ್ಳು ಬೀರುವ ಹೊತ್ತಿಗೆ ಅಲ್ಲಿ ಕಂಸಾವತಿಯ ದಡದಲ್ಲಿ ಟುಸು ಹಾಡು ಇರುತ್ತದೆ. ಹೌರಾದಿಂದ ರೈಲಿದೆ, ಬೆಂಗಾಳಿ ಬಾರದಿದ್ದರೂ ಹಿಂದಿಯಲ್ಲಿ ನಡೆಯುತ್ತದೆ. ಮುಂದಿನ ತಿಂಗಳು ಒರಿಸ್ಸಾದ ಗಂಜಾಂ ಜಿಲ್ಲೆಯ ಬಗ್ಗೆ ಮಾತನಾಡೋಣ, 1936ರವರೆಗೆ ಅದು ನಮ್ಮ ಮಂಗಳೂರು, ಬಳ್ಳಾರಿಗಳ ಹಾಗೆ ಮದ್ರಾಸು ಪ್ರಾಂತದಲ್ಲಿತ್ತು.